ಒರಟು ಶಿಷ್ಯನೂ ತಾಳ್ಮೆಯ ಗುರುವೂ



ಪ್ರತಿ ಶಾಲೆಯ ಹಾಜರಿ ಪುಸ್ತಕದಲ್ಲಿ, ಪ್ರತಿ ತರಗತಿಗೂ, ಎರಡು ಮೂರು ಹೆಸರುಗಳಿರುತ್ತವೆ. ವರ್ಗವಾಗಿ ಬಂದ ಹೊಸ ಶಿಕ್ಷಕರಿಗೆ ಹಳಬರು ಮೊದಲು ತೋರಿಸಿಕೊಡುವುದು ಆ ಹೆಸರುಗಳನ್ನೇ. "ಇವನ ಮೇಲೆ ಒಂದು ಕಣ್ಣಿಡಿ, ಇವಳ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ" ಎಂಬ ಮಾತು ಜೂನ್ ತಿಂಗಳ ಮೊದಲ ವಾರದಲ್ಲೇ ಕಿವಿಗೆ ಬೀಳುತ್ತದೆ. ಹೇಳುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಆದರೆ ಆ ಹುಡುಗ ಹೊಸ ಶಿಕ್ಷಕರ ಮುಂದೆ ಬಾಯಿ ತೆರೆಯುವುದಕ್ಕೆ ಮೊದಲೇ ಅವನ ಮೇಲಿನ ತೀರ್ಪು ಬರೆದಾಗಿರುತ್ತದೆ.

ಇಂಥ ಶಿಷ್ಯರ ಬಗ್ಗೆ, ಅವರಿಗೆ ಎರಡನೆಯ ಅವಕಾಶ ಕೊಡುವ ಗುರುಗಳ ಬಗ್ಗೆ ಈ ವಾರ ಸ್ವಲ್ಪ ವಿಚಾರ ಮಾಡೋಣ. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ತಾಲೂಕುಗಳ ಮಣ್ಣಿನಲ್ಲೇ ಅಂಥ ಒಂದು ಕಥೆ ಇದೆ. ಅದು ನಮ್ಮ ಧರ್ಮಸಭೆಯ ಕಥೆಯಲ್ಲ, ಹರಿದಾಸರ ಪರಂಪರೆಯದು. ಆದರೂ ಒಳ್ಳೆಯ ಗುರುವಿನ ಗುಣ ಎಲ್ಲಿ ಕಂಡರೂ ಕಲಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮಾನ್ವಿಯ ಪಂಡಿತ

ಮಾನ್ವಿಯ ಬಳಿಯ ಬ್ಯಾಗವಾಟದಲ್ಲಿ 1728ರಲ್ಲಿ ಒಬ್ಬ ಬಾಲಕ ಹುಟ್ಟಿದ. ಹೆಸರು ಶ್ರೀನಿವಾಸ. ಮಂತ್ರಾಲಯದಲ್ಲಿ ಸಂಸ್ಕೃತ ಶಾಸ್ತ್ರಗಳನ್ನು ಓದಿ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಪಂಡಿತನೆನಿಸಿಕೊಂಡ. ಶ್ರೀನಿವಾಸಾಚಾರ್ಯರು ಮಾನ್ವಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು, ವಾದದಲ್ಲಿ ಗೆಲ್ಲುತ್ತಿದ್ದರು. ವಿದ್ಯೆಯ ಜೊತೆಗೆ ವಿದ್ಯೆಯ ಗರ್ವವೂ ಬೆಳೆದಿತ್ತು. ತಾಳ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುತ್ತ ಬೀದಿಯಲ್ಲಿ ನಡೆಯುವ ದಾಸರೆಂದರೆ ಅವರಿಗೆ ತಾತ್ಸಾರ.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ತುಂಗಭದ್ರೆಯ ದಡದ ಚೀಕಲಪರ್ವಿಯ ವಿಜಯದಾಸರು ಬಹಳ ದೊಡ್ಡ ಹೆಸರು. ಅವರು ಬಾಳಿದ್ದು 1682ರಿಂದ 1755ರವರೆಗೆ. ಒಮ್ಮೆ ಅವರು ಮಾನ್ವಿಗೆ ಬಂದು ಪೂಜೆ, ಊಟ ಏರ್ಪಡಿಸಿ ಶ್ರೀನಿವಾಸಾಚಾರ್ಯರನ್ನೂ ಕರೆದರಂತೆ. ಆಚಾರ್ಯರಿಗೆ ದಾಸರ ಪಂಕ್ತಿಯಲ್ಲಿ ಕೂಡುವ ಮನಸ್ಸಿಲ್ಲ. ತಡವಾಗಿ ಉಂಡರೆ ತನಗೆ ಹೊಟ್ಟೆನೋವು ಬರುತ್ತದೆ ಎಂಬ ನೆವ ಹೇಳಿ ಕಳುಹಿಸಿದರು. ಮುಂದೆ ನಿಜವಾಗಿಯೇ ಹೊಟ್ಟೆನೋವು ಹಿಡಿದುಕೊಂಡಿತು, ಯಾವ ಔಷಧಿಗೂ ಬಗ್ಗಲಿಲ್ಲ, ಕೊನೆಗೆ ತಾವು ಹೀಗಳೆದಿದ್ದ ಅದೇ ವಿಜಯದಾಸರ ಬಳಿಗೇ ಹೋಗಬೇಕಾಯಿತು ಎಂದು ಪರಂಪರೆ ಹೇಳುತ್ತದೆ.

ಇಲ್ಲಿ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ರೋಗವನ್ನು ಶಿಕ್ಷೆಯೆಂದು ಓದುವುದು ಆ ಕಾಲದ ರೂಢಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅಂಥದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ ಎಂಬುದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ನಾವು ಓದಿದ್ದೇವೆ. "ಹಟ ಮಾಡಿದೆಯಲ್ಲ, ಅದಕ್ಕೇ ದೇವರು ಜ್ವರ ಕೊಟ್ಟ" ಎಂದು ಮಕ್ಕಳಿಗೆ ಹೇಳುವ ತಾಯಂದಿರು ಈಗಲೂ ಇದ್ದಾರೆ. ದಯಮಾಡಿ ಹೇಳಬೇಡಿ. ಈ ಕಥೆಯಲ್ಲಿ ನಮಗೆ ಬೇಕಾದದ್ದು ಹೊಟ್ಟೆನೋವಲ್ಲ, ಆಮೇಲೆ ಗುರುಗಳು ಏನು ಮಾಡಿದರು ಎಂಬುದು.

ವಿಜಯದಾಸರು ಬಾಗಿಲು ಹಾಕಲಿಲ್ಲ. "ಅಂದು ಏನೆಂದಿದ್ದೆ, ನೆನಪಿದೆಯೇ?" ಎಂದು ಹಂಗಿಸಲಿಲ್ಲ. ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಈ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು, ಆಗ ಉತ್ತನೂರಿನಲ್ಲಿದ್ದರು. ಬಂದ ಪಂಡಿತನಿಗೆ ಅವರು ಜೋಳದ ರೊಟ್ಟಿ ಕೊಟ್ಟು ಗುಣಪಡಿಸಿದರು, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನೇ ಅವನಿಗೆ ಧಾರೆ ಎರೆದರು ಎಂದು ಕಥೆ. ಮುಂದೆ ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾದರು. ಯಾವ ಭಾಷೆಯ ಹಾಡನ್ನು ಕೀಳೆಂದು ಕಂಡಿದ್ದರೋ ಆ ಕನ್ನಡದಲ್ಲಿಯೇ, ಭಾಮಿನಿ ಷಟ್ಪದಿಯಲ್ಲಿ, 'ಹರಿಕಥಾಮೃತಸಾರ'ವನ್ನು ಬರೆದರು. 1809ರವರೆಗೆ ಬಾಳಿದರು. ಇಂದಿಗೂ ಮಾನ್ವಿಯೆಂದರೆ ಅವರ ಹೆಸರೇ ಮೊದಲು ಬರುವುದು.

ವಿಜಯದಾಸರು ತೀರಿಕೊಂಡಾಗ ಈ ಶಿಷ್ಯನಿಗೆ ಇನ್ನೂ 27 ವರ್ಷ. ಅವಮಾನ ಮಾಡಿದ ಆ ತರುಣನನ್ನು "ಬಂದ ದಾರಿಗೆ ಸುಂಕವಿಲ್ಲ" ಎಂದು ಹಿಂದಕ್ಕೆ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕನ್ನಡಕ್ಕೆ ಆದ ನಷ್ಟ ಏನೆಂದೂ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುವಿನ ಅಸಹನೆಯಿಂದ ಆಗುವ ನಷ್ಟ ಹೀಗೆ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ, ಏಕೆಂದರೆ ಹುಡುಗ ಏನಾಗಬಹುದಿತ್ತೋ ಅದು ಆಗದೆಯೇ ಹೋಗಿರುತ್ತದೆ.

ಈ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ವಿಜಯದಾಸರು ಶಿಷ್ಯನನ್ನು ಬೇರೊಬ್ಬರ ಕೈಗೆ ಒಪ್ಪಿಸಿದ ರೀತಿ. ನೋವುಂಡ ಗುರುವೇ ಪ್ರತಿಸಲವೂ ಗುಣಪಡಿಸುವ ಗುರುವಾಗಬೇಕೆಂದಿಲ್ಲ. ಗಣಿತದ ಮೇಷ್ಟ್ರ ಎದುರು ನಿಂತು ಒರಟಾಗಿ ಉತ್ತರ ಕೊಟ್ಟ ಹುಡುಗ ಆಟದ ಮೇಷ್ಟ್ರ ಎದುರು ಕುರಿಮರಿಯಾಗಿರುವುದುಂಟು. ಅಂಥ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಜಾಣರಾಗಿದ್ದರೆ ಆ ಹುಡುಗನನ್ನು ಸ್ವಲ್ಪ ಕಾಲ ಆಟದ ಮೇಷ್ಟ್ರ ನೆರಳಿಗೆ ಬಿಡುತ್ತಾರೆ. ಇದರಿಂದ ಗಣಿತದ ಮೇಷ್ಟ್ರ ಮರ್ಯಾದೆಗೇನೂ ಕುಂದಿಲ್ಲ. ಸಿಟ್ಟು ಆರುವವರೆಗೆ ಇಬ್ಬರಿಗೂ ಬೇಕಾದ ದೂರ ಸಿಗುತ್ತದೆ, ಅಷ್ಟೆ.

ಇನ್ನೊಂದು, ಆ ರೊಟ್ಟಿ. ಗೋಪಾಲದಾಸರು ಮೊದಲು ತಪ್ಪೊಪ್ಪಿಗೆ ಬರೆಸಿಕೊಂಡು ಆಮೇಲೆ ರೊಟ್ಟಿ ಕೊಡಲಿಲ್ಲ. ಹಸಿದ ಹೊಟ್ಟೆಗೆ ಉಪದೇಶ ಹಿಡಿಸುವುದಿಲ್ಲ ಎಂಬುದು ಜೋಳ ಬೆಳೆಯುವ ನಾಡಿನ ಗುರುವಿಗೆ ಗೊತ್ತಿತ್ತು.

ಹುಡುಗ ಏಕೆ ಒರಟನಾದ?

ನಮ್ಮ ಕಡೆಯ ತರಗತಿಗಳಿಗೆ ಬರೋಣ. 2002ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಇಡೀ ರಾಜ್ಯದ ತಾಲೂಕುಗಳನ್ನು ತೂಗಿ ನೋಡಿದಾಗ ಅತಿ ಹಿಂದುಳಿದದ್ದು ದೇವದುರ್ಗವೆಂದು ಕಂಡಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ರ ಹತ್ತಿರ, ರಾಜ್ಯದ್ದು 75. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಈ ಅಂಕಿಗಳನ್ನು ಕೊಡುವುದು ಊರನ್ನು ಹಳಿಯಲಿಕ್ಕಲ್ಲ. ಆ ಜನಗಣತಿಯ ದಿನ ಓದು ಬಾರದವಳೆಂದು ಬರೆಸಿಕೊಂಡ ತಾಯಿಯ ಮಗನೇ ಇಂದು ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾನೆ ಎಂಬುದನ್ನು ನೆನಪಿಸಲಿಕ್ಕೆ.

ಅವನ ವರ್ಷ ಹೇಗೆ ಸಾಗುತ್ತದೆ ನೋಡಿ. ಜೂನ್, ಜುಲೈಯಲ್ಲಿ ಶಾಲೆ. ಹೊಲದಲ್ಲಿ ಹತ್ತಿ ಒಡೆಯಿತೆಂದರೆ ಬಿಡಿಸಲಿಕ್ಕೆ ಕೈ ಬೇಕು, ಮಕ್ಕಳ ಕೈ ಬೇಗ ಓಡುತ್ತದೆ ಎಂದು ಹಿರಿಯರ ನಂಬಿಕೆ. ಮೆಣಸಿನಕಾಯಿಯ ಕಾಲಕ್ಕೆ ಮತ್ತೆ ಅಷ್ಟೇ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟದ ವರ್ಷ, ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸ. ಮೂರು ನಾಲ್ಕು ತಿಂಗಳ ಮೇಲೆ ಹುಡುಗ ಹಿಂದಿರುಗಿದಾಗ ಪಾಠ ಎಲ್ಲೋ ಮುಂದೆ ಹೋಗಿದೆ. ಮೇಷ್ಟ್ರು ಓದು ಎನ್ನುತ್ತಾರೆ. ಅವನಿಗೆ ಓದಲು ಬರುವುದಿಲ್ಲ. ಹದಿಮೂರು ವರ್ಷದ ಹುಡುಗನಿಗೆ, ಮೀಸೆ ಚಿಗುರುವ ವಯಸ್ಸಿನಲ್ಲಿ, "ನನಗೆ ಓದಲು ಬರುವುದಿಲ್ಲ" ಎಂದು ಐವತ್ತು ಮಂದಿಯ ಎದುರು ಹೇಳುವುದಕ್ಕಿಂತ ಪಕ್ಕದವನಿಗೆ ಒಂದು ಗುದ್ದು ಕೊಟ್ಟು ತರಗತಿಯಿಂದ ಹೊರಗೆ ಹೋಗುವುದು ಸುಲಭ. ನಾವು ಅದನ್ನು ತುಂಟತನ ಎಂದು ಬರೆದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಮಾನ ಉಳಿಸಿಕೊಳ್ಳುವ ಉಪಾಯ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ರಾಯಚೂರಿನ ಒಂದೇ ತರಗತಿಯಲ್ಲಿ ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು, ತಾಂಡಾದಿಂದ ಬಂದು ಲಂಬಾಣಿ ಆಡುವವರು ಕುಳಿತಿರುತ್ತಾರೆ. ಕನ್ನಡದ ಮಕ್ಕಳಿಗೂ ಪುಸ್ತಕದ ಕನ್ನಡ ಅವ್ವನ ಕನ್ನಡವಲ್ಲ. ದಕ್ಷಿಣದ ಜಿಲ್ಲೆಯಿಂದ ಬಂದ ಶಿಕ್ಷಕರು ಮಗುವಿನ ಮಾತು ಕೇಳಿ ನಕ್ಕುಬಿಟ್ಟರೆ ಆ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ.

ಹುಡುಗರ ಬಗ್ಗೆಯೇ ಹೇಳುತ್ತಿದ್ದೇನೆ, ಏಕೆಂದರೆ ಹುಡುಗರ ಗಲಾಟೆ ಕಿವಿಗೆ ಕೇಳುತ್ತದೆ. ಹುಡುಗಿಯ ತೊಂದರೆ ಬಹುತೇಕ ಮೌನವಾಗಿರುತ್ತದೆ. ಮನೆಪಾಠ ಮಾಡದೆ ಬರುತ್ತಾಳೆ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾಳೆ, ವಾರಕ್ಕೆರಡು ದಿನ ತಪ್ಪಿಸುತ್ತಾಳೆ. "ಸೋಮಾರಿ" ಎಂದು ಬಿಟ್ಟುಬಿಡುತ್ತೇವೆ. ಹಿಂದೆಯೇ ಮನೆಯಲ್ಲಿ ಮದುವೆಯ ಮಾತು ನಡೆದಿರಬಹುದು. 18 ತುಂಬುವ ಮೊದಲು ಮದುವೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಆದರೆ ಶಾಲೆ ಬಿಟ್ಟ ಹುಡುಗಿಯನ್ನು ಮನೆಯಲ್ಲಿ ಕೂಡಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಆ ಅಪರಾಧಕ್ಕೆ ದಾರಿ ಮಾಡುತ್ತದೆ. ಅವಳಿಗೆ ಶಾಲೆಯಲ್ಲಿ ಕೊಡುವ ಎರಡನೆಯ ಅವಕಾಶವೆಂದರೆ ಬರೀ ಒಂದು ಪಾಠದ ಅವಕಾಶವಲ್ಲ.

ಗೈರುಹಾಜರಿಯ ಬಗ್ಗೆ ಮುನ್ನೂರು ವರ್ಷಗಳ ಹಿಂದೆಯೇ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ತಲೆಕೆಡಿಸಿಕೊಂಡಿದ್ದರು. ಬಡ ಮಕ್ಕಳಿಗಾಗಿ ಫ್ರಾನ್ಸಿನಲ್ಲಿ ಶಾಲೆ ತೆರೆದ ಅವರನ್ನು ಧರ್ಮಸಭೆ 1950ರಲ್ಲಿ ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿತು. ಶಾಲೆ ನಡೆಸುವ ಬಗೆಯನ್ನು ಕುರಿತು ಅವರು ಬರೆದ ಪುಸ್ತಕದಲ್ಲಿ, ಮಕ್ಕಳು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದನ್ನು ವಿಂಗಡಿಸಿ ಬರೆದಿದ್ದಾರೆ. ಮಗುವಿನ ಚಂಚಲತೆ, ತಂದೆತಾಯಿಯ ಅಲಕ್ಷ್ಯ ಇವುಗಳ ಜೊತೆಗೆ ಶಿಕ್ಷಕರ ಮೇಲೆ ಮಗುವಿಗಿರುವ ಬೇಸರವನ್ನೂ ಒಂದು ಕಾರಣವೆಂದು ಸೇರಿಸಿದ್ದಾರೆ. ಶಿಕ್ಷಕರಿಗಾಗಿ ಬರೆದ ಪುಸ್ತಕದಲ್ಲಿ ಇದನ್ನು ಸೇರಿಸಲು ಧೈರ್ಯ ಬೇಕು.

ತುರಿನ್ ಪಟ್ಟಣದ ಹುಡುಗರು

ಡಾನ್ ಬೋಸ್ಕೊ ಎಂಬ ಹೆಸರು ದೇವದುರ್ಗದ ಜನರಿಗೂ ಹೊಸದಲ್ಲ. ಇಟಲಿಯ ಈ ಸಂತರು 1815ರಿಂದ 1888ರವರೆಗೆ ಬಾಳಿದರು. ಅವರ ಕೆಲಸ ಶುರುವಾದದ್ದು 1841ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಒಂದು ಹೊಡೆತದ ಸದ್ದಿನಿಂದ. ತುರಿನ್ ಪಟ್ಟಣದ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧವಾಗುತ್ತಿದ್ದಾಗ, ಚಳಿಗೆ ಒಳಗೆ ಬಂದಿದ್ದ ಒಬ್ಬ ಹುಡುಗನಿಗೆ ಪೂಜೆಯಲ್ಲಿ ಸೇವೆ ಮಾಡಲು ಬರುವುದಿಲ್ಲವೆಂದು ದೇವಾಲಯದ ಪರಿಚಾರಕ ಹೊಡೆದು ಓಡಿಸುತ್ತಿದ್ದ. ಡಾನ್ ಬೋಸ್ಕೊ ಅವನನ್ನು ಹಿಂದಕ್ಕೆ ಕರೆಸಿದರು. ಹದಿನಾರರ ಹುಡುಗ, ತಂದೆತಾಯಿ ಇಲ್ಲ, ಊರು ಬಿಟ್ಟು ಗಾರೆ ಕೆಲಸಕ್ಕೆ ಬಂದವನು. ಗುಳೆ ಬಂದವನು ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಓದು ಬರುತ್ತದೆಯೇ ಎಂದರೆ ಇಲ್ಲ, ಹಾಡು ಬರುತ್ತದೆಯೇ ಎಂದರೆ ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕ. ಆ ನಗುವಿನಿಂದ ಪಾಠ ಶುರುವಾಯಿತು ಎಂದು ಸಂತರ ನೆನಪುಗಳಲ್ಲಿ ಬರುತ್ತದೆ. ಬಾರದ್ದನ್ನೇ ಕೇಳುತ್ತ ಹೋಗದೆ, ಬರುವುದೊಂದು ಸಿಕ್ಕುವವರೆಗೆ ಕೇಳುತ್ತ ಹೋದ ಗುರು ಅವರು.

ಇನ್ನೊಬ್ಬ ಹುಡುಗನ ಹೆಸರು ಮಿಕೇಲೆ ಮಗೋನೆ. ಕಾರ್ಮಾಞೋಲದ ರೈಲು ನಿಲ್ದಾಣದ ಬಳಿ ಪುಂಡ ಹುಡುಗರ ಗುಂಪಿಗೆ ಇವನೇ ದಳಪತಿ. 1857ರಲ್ಲಿ ಡಾನ್ ಬೋಸ್ಕೊ ಅವನನ್ನು ಕಂಡು ತುರಿನ್‌ಗೆ ಕರೆಸಿಕೊಂಡರು. ಬಂದ ಹುಡುಗ ಕೂಡಲೇ ಸಂತನಾಗಲಿಲ್ಲ. ಆಟದಲ್ಲಿ ಅವನೇ ಮೊದಲು, ಗದ್ದಲದಲ್ಲಿಯೂ ಅವನೇ ಮೊದಲು. ಅಲ್ಲಿನ ಪದ್ಧತಿಯಂತೆ ಅವನಿಗೆ ಒಳ್ಳೆಯ ನಡತೆಯ ಒಬ್ಬ ಸಹಪಾಠಿಯನ್ನು ಜೊತೆ ಮಾಡಿದರು. ಕೆಟ್ಟ ಮಾತು ಬಾಯಿಗೆ ಬಂದಾಗ ಮೆಲ್ಲಗೆ ಎಚ್ಚರಿಸುವುದು ಅವನ ಕೆಲಸ. ಕೆಲವು ವಾರಗಳ ಮೇಲೆ ಮಗೋನೆ ಇದ್ದಕ್ಕಿದ್ದಂತೆ ಮಂಕಾದ. ಉಳಿದವರೆಲ್ಲ ಸಂತೋಷವಾಗಿರುವಾಗ ತನಗೇಕೆ ಹೀಗೆ ಎಂದು ಒಳಗೇ ಬೇಯುತ್ತಿದ್ದ. ಡಾನ್ ಬೋಸ್ಕೊ ಅದನ್ನು ಗಮನಿಸಿದರು, ಮಾತಾಡಿಸಿದರು, ಪಾಪನಿವೇದನೆಗೆ ಅವನೇ ಸಿದ್ಧನಾಗುವವರೆಗೆ ಕಾದರು. ಆಮೇಲಿನ ಬದಲಾವಣೆ ಎಲ್ಲರಿಗೂ ಕಾಣುವಂಥದು. ಆದರೆ ಆಯುಷ್ಯ ಉದ್ದವಿರಲಿಲ್ಲ. 1859ರ ಜನವರಿಯಲ್ಲಿ, ಇನ್ನೂ ಹದಿನಾಲ್ಕು ಮುಗಿಯುವ ಮೊದಲೇ, ಅವನು ತೀರಿಕೊಂಡ. ಎರಡು ವರ್ಷಗಳ ಮೇಲೆ ಡಾನ್ ಬೋಸ್ಕೊ ಅವನ ಜೀವನಚರಿತ್ರೆಯನ್ನೇ ಬರೆದು ಪ್ರಕಟಿಸಿದರು. ಪುಂಡ ಹುಡುಗನೊಬ್ಬನ ಜೀವನಚರಿತ್ರೆ ಬರೆಯಲು ಪುರುಸೊತ್ತು ಮಾಡಿಕೊಂಡ ಗುರುಗಳು ಎಷ್ಟು ಮಂದಿ!

ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ನಡೆಸುವ ಲೊಯೋಲ ಶಾಲೆಯಲ್ಲಿ ಮನೆತನದಲ್ಲೇ ಮೊದಲ ಬಾರಿಗೆ ಅಕ್ಷರ ಕಲಿಯುವ ದಲಿತ ಮಕ್ಕಳು ಓದುತ್ತಾರೆ. ಇಂಥ ಕಡೆ ಪಾಠ ಹೇಳುವವರಿಗೆ ತಾಳ್ಮೆಯೆಂದರೇನೆಂದು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿಲ್ಲ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಒಂದೇ ಅಕ್ಷರವನ್ನು ಹತ್ತನೆಯ ಸಲ ತಿದ್ದಿಸುವಾಗ ದನಿ ಏರದಂತೆ ನೋಡಿಕೊಳ್ಳುವುದೇ ಅಲ್ಲಿ ದಿನದ ತಪಸ್ಸು.

ಕಾಯುವುದಲ್ಲ, ಅಗೆಯುವುದು

ತಾಳ್ಮೆಯೆಂದರೆ ಕೈಕಟ್ಟಿ ಕೂಡುವುದು ಎಂದು ಕೆಲವರು ತಿಳಿದಿದ್ದಾರೆ. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಬರುವ ಅಂಜೂರದ ಮರದ ಸಾಮತಿಯನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿರಿ. ಮೂರು ವರ್ಷ ಹಣ್ಣು ಕಾಣದ ಯಜಮಾನ ಮರ ಕಡಿಯಲು ಹೇಳುತ್ತಾನೆ. ತೋಟಗಾರ ಇನ್ನೊಂದು ವರ್ಷದ ವಾಯಿದೆ ಬೇಡುತ್ತಾನೆ. ಆದರೆ ಸುಮ್ಮನೆ ಬೇಡುವುದಿಲ್ಲ. ಸುತ್ತಲೂ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದು ತನ್ನ ಮೈಮುರಿತದ ಕೆಲಸವನ್ನು ಪಣಕ್ಕಿಡುತ್ತಾನೆ. ಎಪ್ರಿಲ್ ಬಿಸಿಲಿನಲ್ಲಿ ಎರೆಭೂಮಿ ಬಿರಿಯುವುದನ್ನು ಕಂಡ ಮಾನ್ವಿಯ ರೈತನಿಗೆ ಅಗೆಯುವುದು, ತಿಪ್ಪೆಗೊಬ್ಬರ ಹೊರುವುದು ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ತರಗತಿಯಲ್ಲಿ ಅಗೆಯುವುದೆಂದರೆ ಹುಡುಗನ ಮನೆಗೆ ಒಮ್ಮೆ ಹೋಗಿ ಬರುವುದು. ಅವನಿಗೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ಎಂದು ಪರೀಕ್ಷಿಸುವುದು. ಬೆಳಗ್ಗೆ ಉಂಡು ಬಂದಿದ್ದಾನೆಯೇ ಎಂದು ಕೇಳುವುದು. ಶಾಲೆ ಬಿಟ್ಟ ಮೇಲೆ, ಯಾರೂ ನೋಡದ ಕಡೆ, ಒಂದನೆಯ ತರಗತಿಯ ಪುಸ್ತಕವನ್ನು ಅವನ ಮುಂದಿಡುವುದು.

ಆ ಸಾಮತಿಯಲ್ಲಿ ನಾವು ಮರೆಯುವ ಇನ್ನೊಂದು ಮಾತಿದೆ. ವಾಯಿದೆ ಒಂದೇ ವರ್ಷದ್ದು. ಎರಡನೆಯ ಅವಕಾಶಕ್ಕೆ ಗಡುವೂ ಇದೆ, ಷರತ್ತೂ ಇದೆ. ಚಿಕ್ಕ ಮಕ್ಕಳನ್ನು ದಿನವೂ ಹೊಡೆಯುವ ಹುಡುಗನಿಗೆ "ಪಾಪ, ಬಡವ" ಎಂದು ಸುಮ್ಮನಿದ್ದರೆ ಹೊಡೆತ ತಿನ್ನುವ ಮಗುವಿಗೆ ನಾವು ಮಾಡಿದ್ದು ಅನ್ಯಾಯ. ಅವನು ಮುರಿದ ಕಿಟಕಿಯನ್ನು ಅವನೇ ಮೇಷ್ಟ್ರ ಜೊತೆ ನಿಂತು ರಿಪೇರಿ ಮಾಡಲಿ. ಅಳಿಸಿದವನ ಹತ್ತಿರ ಹೋಗಿ ಕ್ಷಮೆ ಕೇಳಲಿ. ಹೀಗೆ ಕೇಳಿದ ಮೇಲೆ ಮತ್ತೆ ಆ ವಿಷಯ ಎತ್ತಬಾರದು, ಅದು ಗುರುವಿನ ಕಡೆಯ ಷರತ್ತು. ಹಾಗೆಯೇ, ಮಗುವಿನ ಮೈಮುಟ್ಟಿ ಕೆಡಕು ಮಾಡಿದ ದೊಡ್ಡವರ ವಿಷಯದಲ್ಲಿ ಈ ಲೇಖನದ ಯಾವ ಮಾತೂ ಸಲ್ಲುವುದಿಲ್ಲ. ಅಲ್ಲಿ ಎರಡನೆಯ ಅವಕಾಶದ ಮಾತು ಆಡುವುದು ಪಾಪ. 2012ರ ಪೋಕ್ಸೋ ಕಾಯಿದೆಯಂತೆ ಅದನ್ನು ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ಅಪರಾಧ. ಶಾಲೆ ಯಾರದೇ ಆಗಿರಲಿ, ಆಡಳಿತ ಯಾರದೇ ಆಗಿರಲಿ.

ಪೌಲರೂ ಬಾರ್ನಬರೂ

ತಾಳ್ಮೆಯ ವಿಷಯದಲ್ಲಿ ಇಬ್ಬರು ಸಂತರೇ ಜಗಳವಾಡಿದ್ದಾರೆ ಎಂದರೆ ಸ್ವಲ್ಪ ಸಮಾಧಾನವಾಗುತ್ತದೆ. ಮಾರ್ಕನೆಂಬ ತರುಣನನ್ನು ಪೌಲರೂ ಬಾರ್ನಬರೂ ಮೊದಲ ಪ್ರಯಾಣಕ್ಕೆ ಕರೆದುಕೊಂಡು ಹೋದರು. ಅವನು ಪಂಫುಲ್ಯದ ಪೆರ್ಗದಲ್ಲಿ ಅವರನ್ನು ಬಿಟ್ಟು ಜೆರುಸಲೇಮಿಗೆ ಹಿಂದಿರುಗಿಬಿಟ್ಟ. ಕಾರಣವನ್ನು ಪ್ರೇಷಿತರ ಕಾರ್ಯಕಲಾಪಗಳು ಹೇಳುವುದಿಲ್ಲ. ಎರಡನೆಯ ಪ್ರಯಾಣಕ್ಕೆ ಅವನನ್ನು ಮತ್ತೆ ಕರೆದೊಯ್ಯೋಣ ಎಂದರು ಬಾರ್ನಬ. ನಡುದಾರಿಯಲ್ಲಿ ಕೈಬಿಟ್ಟವನು ಬೇಡ ಎಂದರು ಪೌಲ. ಮಾತು ಬೆಳೆದು ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನೊಂದಿಗೆ ಸೈಪ್ರಸ್ ದ್ವೀಪಕ್ಕೆ ಹೋದರು, ಪೌಲರು ಸೀಲನೊಂದಿಗೆ ಸಿರಿಯಾದ ಕಡೆ.

ಪೌಲರದು ತಪ್ಪೆಂದು ನಾನು ಹೇಳಲಾರೆ. ಅಪಾಯದ ದಾರಿಯಲ್ಲಿ ನಂಬಿಗಸ್ತ ಜೊತೆಗಾರ ಬೇಕು. ವಾರ್ಷಿಕ ಪರೀಕ್ಷೆಯನ್ನು ಎದುರಿಗಿಟ್ಟುಕೊಂಡು ಅರುವತ್ತು ಮಕ್ಕಳನ್ನು ದಡ ಸೇರಿಸಬೇಕಾದ ಶಿಕ್ಷಕಿಯ ಕಷ್ಟವೂ ಪೌಲರದೇ. ಆದರೆ ಒಂದು ಹಳೆಯ ಸಂಗತಿ ಪೌಲರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲವೇನೋ. ಕ್ರೈಸ್ತರನ್ನು ಹಿಂಸಿಸಿದ್ದ ಅವರು ಮನಪರಿವರ್ತನೆಯಾಗಿ ಜೆರುಸಲೇಮಿಗೆ ಬಂದಾಗ ಎಲ್ಲರೂ ಹೆದರಿ ದೂರ ಸರಿದರು. ಆಗ ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವರು ಇದೇ ಬಾರ್ನಬ. ಮುಂದೆ ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಮಾರ್ಕ ಪೌಲರ ಬಳಿಯೇ ಇದ್ದಾನೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಸೆರೆಯಲ್ಲಿರುವ ಪೌಲರು ಮಾರ್ಕನನ್ನು ಕರೆತರಲು ಕೇಳಿಕೊಳ್ಳುತ್ತಾರೆ, ತಮಗೆ ಅವನಿಂದ ಉಪಯೋಗವಿದೆ ಎನ್ನುತ್ತಾರೆ. ನಾಲ್ಕು ಶುಭಸಂದೇಶಗಳಲ್ಲಿ ಒಂದು ಅವನ ಹೆಸರಿನಲ್ಲಿದೆ.

ಒಂದೇ ಶಾಲೆಯಲ್ಲಿ ಪೌಲರಂಥ ಶಿಕ್ಷಕರೂ ಬಾರ್ನಬರಂಥ ಶಿಕ್ಷಕರೂ ಇರುತ್ತಾರೆ. ಮನೆಯಲ್ಲೂ ಹಾಗೆಯೇ, ಅಪ್ಪ ಪೌಲರಾದರೆ ಅವ್ವ ಬಾರ್ನಬರು. ನಿಮ್ಮ ಮನೆಯಲ್ಲಿ ಯಾರು ಯಾರೆಂದು ರಾತ್ರಿ ಜಪಸರದ ನಂತರ ಮಕ್ಕಳನ್ನೇ ಕೇಳಿ ನೋಡಿ. ಉತ್ತರ ಸಿದ್ಧವಾಗಿಯೇ ಇರುತ್ತದೆ.

ಕಾನೂನು ಕೊಟ್ಟ ಅವಕಾಶ

ಈಗ ಪೋಷಕರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳು. 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮಿನ ಪ್ರಕಾರ ಮಗುವನ್ನು ಹೊಡೆಯುವುದು ಮಾತ್ರವಲ್ಲ, ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದೂ ನಿಷಿದ್ಧ. "ನಾಲ್ಕು ಬಿಗಿಯಿರಿ ಮೇಷ್ಟ್ರೇ, ನಮ್ಮ ಅಡ್ಡಿಯಿಲ್ಲ" ಎಂದು ಹೇಳಿ ಬರುವ ತಂದೆಯಂದಿರು ಇದನ್ನು ಗಮನಿಸಬೇಕು. ಆ ಅನುಮತಿ ಕೊಡುವ ಅಧಿಕಾರ ತಂದೆಗೂ ಇಲ್ಲ. ಅದೇ ಕಾಯಿದೆಯ 4ನೆಯ ಕಲಮು, ಶಾಲೆಗೆ ಸೇರದೆ ಉಳಿದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಉಳಿದವರ ಸರಿಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಹತ್ತಿ ಬಿಡಿಸಲು ಹೋಗಿ ಎರಡು ವರ್ಷ ಶಾಲೆ ತಪ್ಪಿದ ಹನ್ನೊಂದು ವರ್ಷದ ಮಗುವನ್ನು "ಮೂರನೆಯದಕ್ಕೆ ಕೂಡಿಸುತ್ತೇವೆ" ಎನ್ನುವಂತಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. 2019ರ ತಿದ್ದುಪಡಿಯ ಮೇಲೆ 5 ಮತ್ತು 8ನೆಯ ತರಗತಿಗಳಲ್ಲಿ ನಪಾಸು ಮಾಡುವ ಅಧಿಕಾರ ಸರ್ಕಾರಗಳಿಗೆ ಬಂದಿದೆ. ಆದರೆ ಅಲ್ಲಿಯೂ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ಕೊಟ್ಟ ನಂತರವೇ.

ಹತ್ತನೆಯ ತರಗತಿಯ ವಿಷಯ ಇನ್ನೂ ಮುಖ್ಯ. ಮೊದಲೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದರೆ ಹುಡುಗನ ಹಣೆಬರಹ ಅಂದಿಗೇ ಮುಗಿಯಿತೆಂದು ಕುಡುಗೋಲು ಕೊಟ್ಟು ಹೊಲಕ್ಕೆ ಕಳುಹಿಸುತ್ತಿದ್ದರು. 2024ರಿಂದ ಕರ್ನಾಟಕದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಉತ್ತಮ ಅಂಕಗಳನ್ನು ಉಳಿಸಿಕೊಳ್ಳಬಹುದು. ಇದರಿಂದ ಓದಿನ ಗುಣಮಟ್ಟ ಇಳಿಯುತ್ತದೆಂದು ಆಕ್ಷೇಪಿಸುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಗುಳೆ ಹೋಗಿ ಬಂದು ಒಂದು ವಿಷಯದಲ್ಲಿ ಆರು ಅಂಕ ಕಡಿಮೆ ಪಡೆದ ಹುಡುಗಿಗೆ ಗುಣಮಟ್ಟದ ಚರ್ಚೆಗಿಂತ ಮುಂದಿನ ಪರೀಕ್ಷೆಯ ದಿನಾಂಕ ಮುಖ್ಯ.

ಈ ಪರೀಕ್ಷೆಗಳ ನಡುವಿನ ದಿನಗಳು ಕಡಿಮೆ, ಹೆಸರು ನೋಂದಾಯಿಸುವ ದಿನಗಳು ಅದಕ್ಕಿಂತ ಕಡಿಮೆ. ಫಲಿತಾಂಶ ಬಂದ ಸಂಜೆ ಮನೆಯಲ್ಲಿ ಅಳು, ಬೈಗುಳ ನಡೆದು, ಮೂರು ದಿನ ಹುಡುಗ ಸೋದರಮಾವನ ಊರಿಗೆ ಹೋಗಿ ಕೂತು, ಅಷ್ಟರಲ್ಲಿ ಗಡುವು ಮುಗಿದುಹೋಗುವುದುಂಟು. ಆದ್ದರಿಂದ ತಂದೆಯಾದವರು ಮಾರನೆಯ ಬೆಳಗ್ಗೆಯೇ ಮಗನನ್ನು ಕರೆದುಕೊಂಡು ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಲಿ, ಯಾವ ವಿಷಯದಲ್ಲಿ ಎಷ್ಟು ಕಡಿಮೆಯಾಗಿದೆ, ಯಾರು ಪಾಠ ಹೇಳಿಕೊಡುತ್ತಾರೆ, ಅರ್ಜಿ ಎಂದು ತುಂಬಬೇಕು ಎಂದು ಕೇಳಿ ಬರೆದುಕೊಳ್ಳಲಿ. ಬೈಯಲೇಬೇಕೆಂದಿದ್ದರೆ ಅರ್ಜಿ ತುಂಬಿ ಹಿಂದಿರುಗುವಾಗ, ಬಸ್ಸಿನಲ್ಲಿ, ಮೆಲ್ಲಗೆ ಬೈಯಬಹುದು.